ಪಕ್ಕದ್ಮನೆ ಹೆಂಗಸನ್ನ ಅವ್ರ ಗಂಡ ಮನೆಯಿಂದ ಹೊರಗೆ ಹಾಕಿದಾನೆ, ಎಲ್ಲಿಗೆ ಕಳಿಸೋದು ಅಂತ ಕೇಳಿದ್ರಲ್ಲ

ಆಧಾರ್ ಎಲ್ಲ ಗಂಡನ ಹತ್ರನೇ ಇದೆ ಅಂದ್ರಿ, ಕಾಗದ ಇಲ್ಲ ಅಂತ ಹೆದರಿ ಸುಮ್ನೆ ಕೂರೋದು ಬೇಡ ಮೇಡಂ, ಇವತ್ತೇ 181ಕ್ಕೆ ಫೋನ್ ಮಾಡ್ಸಿ, ಮಹಿಳಾ ಸಹಾಯವಾಣಿ ಅದು, 24 ಗಂಟೆ ಇರತ್ತೆ. ಅವ್ನು ಹೊಡೆಯೋಕೇ ಬಂದ್ರೆ ನೇರ 112. 181ರವ್ರು ಸಾಮಾನ್ಯವಾಗಿ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಕಳಿಸ್ತಾರೆ, ಅಲ್ಲಿ ಆಸ್ಪತ್ರೆ, ಪೊಲೀಸ್ ದೂರು, ವಕೀಲರು, ಕೌನ್ಸೆಲಿಂಗ್ ಎಲ್ಲದಕ್ಕೂ ದಾರಿ ಮಾಡ್ಕೊಡ್ತಾರೆ, ಆದ್ರೆ ಉಳ್ಕೊಳ್ಳೋಕೆ ಕೊಡೋದು 5 ದಿನದವರೆಗೆ ಮಾತ್ರ. ಹಾಗಾಗಿ ಮೊದಲ ದಿನದಿಂದಲೇ ಶಕ್ತಿ ಸದನದಲ್ಲಿ (ಕಷ್ಟದಲ್ಲಿರೋ ಹೆಂಗಸರಿಗೆ ಸರ್ಕಾರದ ಆಶ್ರಯ ಮನೆ) ಜಾಗ ಕೇಳ್ತಾ ಇರ್ಬೇಕು, ಮುಂಚೆ ಸ್ವಾಧಾರ ಗೃಹ ಅಂತಿದ್ರಲ್ಲ ಅದೇ, ಅಲ್ಲಿ ಹೆಚ್ಚು ಕಾಲ ಇರ್ಬಹುದು.

ಅವ್ರ ಮಗನ ವಯಸ್ಸು ನೀವು ಹೇಳಿಲ್ಲ. ಹೆಣ್ಮಕ್ಕಳು ಯಾವ ವಯಸ್ಸಾದ್ರೂ ಸಖಿಯಲ್ಲಿ ತಾಯಿ ಜೊತೆ ಇರ್ಬಹುದು, ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇದೆ (ಕೆಟ್ಟ ರೂಲ್ಸು ಅಂತ್ಲೇ ನನ್ ಅಭಿಪ್ರಾಯ), ಹೋಗೋಕ್ಮುಂಚೆ ಫೋನಲ್ಲೇ ಕೇಳ್ಬಿಡಿ.

ಇನ್ನೊಂದು, ಮನೆ ಅವ್ರ ಹೆಸರಲ್ಲಿಲ್ಲ ಅಂತ ಅತ್ತೆ ಕೂಗಾಡ್ತಾರೆ ಅಂದ್ರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಹೆಸರಲ್ಲಿಲ್ದೇ ಇದ್ರೂ ಹೆಂಡ್ತಿಗೆ ಅಲ್ಲಿ ವಾಸ ಮಾಡೋ ಹಕ್ಕಿದೆ. ಫ್ರೀ ವಕೀಲರು ಬೇಕಂದ್ರೆ 15100ಕ್ಕೆ ಫೋನ್ ಮಾಡ್ಸಿ, ಕಾನೂನು ನೆರವಿನ ಸಹಾಯವಾಣಿ ಅದು, ಹೆಣ್ಮಕ್ಕಳಿಗೆ ಆದಾಯ ಎಷ್ಟು ಅಂತ ನೋಡಲ್ಲ.