ಮೂರನೇ ಸಲ ಬರೆದ ಸಾಲು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ರೇಖಾ ದ್ವಿತೀಯ ಪಿಯು ವಿಜ್ಞಾನದ ಹುಡುಗಿ. ದಿನಾ ಹಳ್ಳಿಯಿಂದ ಬಸ್ಸಲ್ಲಿ ಬರುತ್ತಾಳೆ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದು ಕೂತ ತಕ್ಷಣ ಹೇಳಿದಳು: "ಮೇಡಂ, ನಾನು ಓದೋಕೆ ಲಾಯಕ್ಕಿಲ್ಲ. ಕಾಲೇಜು ಬಿಡ್ತೀನಿ."

ಒಂದು ಹಾಳೆ ಕೊಟ್ಟೆ. ಸಮಸ್ಯೆ ಏನು ಅಂತ ಒಂದೇ ಸಾಲಲ್ಲಿ ಬರಿ ಅಂದೆ. "ನಾನು ದಡ್ಡಿ" ಅಂತ ಬರೆದಳು.

"ಇದನ್ನು ಓದಿದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಗೊತ್ತಾಗುತ್ತಾ?"

"ಇಲ್ಲ ಮೇಡಂ."

"ಹಾಗಾದರೆ ಇನ್ನೊಮ್ಮೆ ಬರಿ. ಯಾವಾಗ ಆಗುತ್ತೆ, ಎಲ್ಲಿ, ವಾರಕ್ಕೆ ಎಷ್ಟು ಸಲ?"

ಎರಡನೇ ಸಲ "ಫಿಸಿಕ್ಸ್ ಅರ್ಥ ಆಗಲ್ಲ" ಅಂತ ಬಂತು. ಮೂರನೇ ಸಲ ನಿಧಾನವಾಗಿ ಬರೆದಳು: "ವಾರಕ್ಕೆ ನಾಲ್ಕು ದಿನ ಬಸ್ ತುಂಬಿ ಬರುತ್ತೆ, ನಮ್ಮೂರಲ್ಲಿ ನಿಲ್ಲಿಸಲ್ಲ. ಮೊದಲ ಪೀರಿಯಡ್ ಫಿಸಿಕ್ಸ್ ತಪ್ಪುತ್ತೆ."

ಇಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು. ಹಿಡಿಯಲಿ. ಮಕ್ಕಳು ಸಮಸ್ಯೆ ಬರೆಯುವ ಕಡೆ ತಮ್ಮನ್ನೇ ಬೈದುಕೊಂಡು ಬರೆಯುತ್ತಾರೆ. ಅದನ್ನು ಬಿಡಿಸುವುದೇ ನಮ್ಮ ಮುಖ್ಯ ಕೆಲಸ ಅನ್ನೋದು ನನ್ನ ಅನುಭವ.

ಮುಂದಿನದು 1971ರಲ್ಲಿ ಡಿಜುರಿಲಾ, ಗೋಲ್ಡ್‌ಫ್ರೈಡ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದ ಕ್ರಮ: ದಾರಿಗಳನ್ನು ಪಟ್ಟಿ ಮಾಡು, ತೂಗಿ ನೋಡು, ಒಂದನ್ನು ಮಾಡಿ ನೋಡು, ಫಲ ಏನಾಯ್ತು ಅಂತ ನೋಡು. ಪಟ್ಟಿ ಮಾಡುವಾಗ ಯಾವುದನ್ನೂ "ಆಗಲ್ಲ" ಅಂತ ಹೊಡೆದು ಹಾಕಬಾರದು. ಹಾಸ್ಟೆಲ್, ಅತ್ತೆ ಮನೆ, ಮುಂಚಿನ ಬಸ್, ಡಿಪೋಗೆ ಅರ್ಜಿ, ಕಾಲೇಜು ಬಿಡೋದು, ಎಲ್ಲವನ್ನೂ ಬರೆಸಿದೆ. ಮುಂಚಿನ ಬಸ್ ಹಿಡಿದರೆ ಡೈರಿಗೆ ಹಾಲು ಹಾಕೋರು ಯಾರು? ತಮ್ಮನನ್ನು ಕೇಳ್ತೀನಿ ಅಂದಳು. ಎರಡು ವಾರ ಅದನ್ನೇ ಮಾಡಿ ನೋಡೋಣ ಎಂದು ನಿರ್ಧರಿಸಿದೆವು. ಜೊತೆಗೆ ಅದೇ ಬಸ್ಸಿನ ಹುಡುಗಿಯರೆಲ್ಲ ಸಹಿ ಹಾಕಿ ಪ್ರಿನ್ಸಿಪಾಲರ ಮೂಲಕ ಡಿಪೋಗೆ ಅರ್ಜಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು, ಹಾಗಾಗಿ ತಡ ಮಾಡುವಂತಿರಲಿಲ್ಲ.

ಶಿಕ್ಷಕರಲ್ಲಿ ನನ್ನ ವಿನಂತಿ: ಇದನ್ನು ತರಗತಿಯಲ್ಲೇ, ಚಿಕ್ಕ ತೊಂದರೆಗಳ ಮೇಲೆ ಅಭ್ಯಾಸ ಮಾಡಿಸಿ. ಉತ್ತರ ನಾಲಿಗೆ ತುದಿಗೆ ಬಂದರೂ ದಯವಿಟ್ಟು ಹೇಳಬೇಡಿ. ಆದರೆ ಮಗು ಸಾಯುವ ಮಾತಾಡಿದರೆ ಹಾಳೆ ಪಕ್ಕಕ್ಕಿಡಿ. ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಎರಡು ವಾರ ಬಿಟ್ಟು ರೇಖಾ ಬಂದಳು. ಡಿಪೋದಿಂದ ಉತ್ತರ ಬಂದಿರಲಿಲ್ಲ. ಕ್ಲಾಸ್ ತಪ್ಪಿದ್ದು ಮೂರೇ ದಿನ. ಬ್ಯಾಗಿನಿಂದ ಹಾಳೆ ತೆಗೆದಳು. ಕೆಳಗೆ ತಾನೇ ಹೊಸ ಸಾಲು ಬರೆದಿದ್ದಳು: "ಸೋಮವಾರ ತಮ್ಮ ಏಳಲ್ಲ."