ವಿದೇಶಕ್ಕೆ ಹೊಸದಾಗಿ ಬಂದಿರೋ ತಮ್ಮನಿಗೆ, ಆ ಹಿರಿಯರ ಬಗ್ಗೆ

ನೀವು ಕೇಳಿರೋದು ನಾಲ್ಕೈದು ಪ್ರಶ್ನೆ. ಮನೆ ಹುಡುಕೋದು, ವೀಸಾ ರಿನ್ಯೂವಲ್, ಒಂಟಿತನ, ಇವಕ್ಕೆಲ್ಲ ಉತ್ತರ ಹೇಳೋರು ತುಂಬಾ ಜನ ಸಿಗ್ತಾರೆ. ನನಗೆ ತಟ್ಟಿದ್ದು ನೀವು ಕೊನೇಲಿ ಬರೆದ ಮಾತು. ಆಫೀಸಲ್ಲಿ ಐವತ್ತೈದು ದಾಟಿದ ಸೀನಿಯರ್ ಒಬ್ಬರು ಮೊದಲನೇ ತಿಂಗಳಿಂದ ಮಗನ ಥರ ನೋಡ್ಕೋತಿದಾರೆ, ಅಪ್ಪ ಹೋಗಿ ಎರಡು ವರ್ಷ ಆಯ್ತು, ಇವರಿಗೆ ಹತ್ರ ಆದಷ್ಟೂ ಅಪ್ಪನ ಜಾಗ ಬೇರೆಯವರಿಗೆ ಬಿಟ್ಟುಕೊಟ್ಟ ಹಾಗೆ ಸಂಕಟ ಆಗುತ್ತೆ, ಈ ಋಣ ಹೇಗೆ ತೀರಿಸೋದೋ ಗೊತ್ತಾಗ್ತಿಲ್ಲ ಅಂದಿದೀರಿ. ಅದೊಂದಕ್ಕೇ ಬರೀತೀನಿ.

ನಾನು ಬಂದು 19 ವರ್ಷ ಆಯ್ತು, ಬಂದಾಗ 24. ನನಗೂ ಒಬ್ಬರು ಸಿಕ್ಕಿದ್ರು, ನನ್ನ ಟೀಮ್ ಕೂಡ ಅಲ್ಲ, ಪಕ್ಕದ ಡಿಪಾರ್ಟ್‌ಮೆಂಟು, ಬೇರೆ ದೇಶ ಬೇರೆ ಭಾಷೆ. ಬಾಡಿಗೆ ಅಗ್ರಿಮೆಂಟ್ ಕೈಲಿ ಹಿಡ್ಕೊಂಡು ಕೂತಿದ್ದವನನ್ನ ನೋಡಿ ಸೈನ್ ಮಾಡ್ಬೇಡ ಇರು ಅಂತ ಪೆನ್ಸಿಲ್ ತಗೊಂಡು ಪಕ್ಕದಲ್ಲಿ ಕೂತ್ರು. ಒಂದೊಂದು ಪ್ಯಾರಾನೂ ನನ್ನ ಕೈಲೇ ಓದಿಸಿ, ಇದರ ಅರ್ಥ ಏನು ಹೇಳು, ಮನೆ ಬಿಡೋವಾಗ ಇದರಿಂದ ನಿನಗೆ ಏನಾಗುತ್ತೆ ಹೇಳು ಅಂತ ಕೇಳ್ತಾ ಹೋದ್ರು. ಓನರ್‌ಗೆ ಫೋನ್ ಮಾಡಿ ಎರಡು ಷರತ್ತು ಬದಲಾಯಿಸ್ಕೋಬೇಕಿತ್ತು, ಅವರೇ ಮಾಡಿದ್ರೆ ಐದು ನಿಮಿಷದ ಕೆಲಸ, ಮಾಡ್ಲಿಲ್ಲ, ನನ್ನ ಕೈಗೆ ಫೋನ್ ಕೊಟ್ಟು ನಾನು ತೊದಲಿ ತೊದಲಿ ಮಾತು ಮುಗಿಸೋ ತನಕ ಪಕ್ಕದಲ್ಲೇ ಇದ್ರು. ಆಮೇಲೆ ಒಂದ್ಸಲ ನನ್ನ ತಪ್ಪನ್ನ ಇನ್ನೊಬ್ಬನ ಮೇಲೆ ಹಾಕಿ ಒಂದು ಮೇಲ್ ಕಳಿಸಿದ್ದೆ. ಅದು ಅವರಿಗೆ ಹೇಗೋ ಗೊತ್ತಾಗಿ, ಬಾಗಿಲು ಹಾಕಿ ಕೂರಿಸಿ ಬೈದ್ರು. ತಪ್ಪು ಮಾಡಿದ್ದಕ್ಕಲ್ಲ, ಆ ಮೇಲ್‌ಗೆ. ಅಷ್ಟು ದೂರದ ಊರಲ್ಲಿ ನನ್ನ ನಡತೆ ಬಗ್ಗೆ ಕೋಪ ಮಾಡ್ಕೊಳ್ಳೋಷ್ಟು ಕಾಳಜಿ ಇದ್ದ ಒಂದು ಜೀವ ಇದೆಯಲ್ಲ ಅಂತ ಆವತ್ತು ರಾತ್ರಿ ಅಳು ಬಂದಿತ್ತು.

ಮೂರನೇ ವರ್ಷ ಮಧ್ಯರಾತ್ರಿ ಮನೆಯಿಂದ ಫೋನ್ ಬಂತು. ಏರ್‌ಪೋರ್ಟಿಗೆ ಬಿಟ್ಟಿದ್ದು ಅವರೇ, ದಾರಿಯುದ್ದ ಒಂದು ಮಾತಾಡ್ಲಿಲ್ಲ. ನಾನು ತಲುಪೋಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ರು. ವಾಪಸ್ ಬಂದ ದಿನ ಯಾರಿಗೂ ಟೈಮ್ ಹೇಳಿರ್ಲಿಲ್ಲ, ಹೊರಗೆ ಬಂದ್ರೆ ಅವರು ನಿಂತಿದ್ರು, ಸಮಾಧಾನದ ಮಾತು ಏನೂ ಇಲ್ಲ, ಕಾರಲ್ಲಿ ಕೂತ ಮೇಲೆ ನಿಮ್ಮಪ್ಪ ಹೇಗಿದ್ರು ಹೇಳು ಅಂದ್ರು ಅಷ್ಟೇ. ಮನೆ ಮುಂದೆ ಕಾರು ನಿಲ್ಲಿಸ್ಕೊಂಡು ಒಂದು ಗಂಟೆ ಮೇಲೆ ನಾನು ಅಪ್ಪನ ಬಗ್ಗೆ ಹೇಳ್ತಾನೇ ಇದ್ದೆ, ಅವರ ಕೈಬರಹ, ಅವರ ಕೋಪ, ನನಗೆ ಸೈಕಲ್ ಕಲಿಸಿದ್ದು ಎಲ್ಲ. ಆ ದೇಶದಲ್ಲಿ ನಮ್ಮಪ್ಪನ ಬಗ್ಗೆ ಗೊತ್ತಿದ್ದ ಮನುಷ್ಯ ಅವರೊಬ್ಬರೇ. ಅವರು ಅಪ್ಪನ ಜಾಗ ತಗೊಳ್ಳಲಿಲ್ಲ ತಮ್ಮಾ, ಅಪ್ಪನಿಗೆ ಇಲ್ಲೂ ಒಂದು ಜಾಗ ಮಾಡಿಕೊಟ್ರು. ನಿಮ್ಮ ಸಂಕಟಕ್ಕೆ ನನ್ನ ಹತ್ರ ಇರೋ ಉತ್ತರ ಇದು.

ಆಲ್ಬರ್ಟ್ ಕಮೂ ಅಂತ ಫ್ರೆಂಚ್ ಲೇಖಕ, ಅವನಿಗೆ ಇನ್ನೂ ಒಂದು ವರ್ಷ ತುಂಬಿರ್ಲಿಲ್ಲ, 1914ರಲ್ಲಿ ಅಪ್ಪ ಯುದ್ಧದಲ್ಲಿ ಸತ್ತುಹೋದ. ಅಲ್ಜೀರಿಯಾದ ಅಲ್ಜಿಯರ್ಸ್ ಊರಲ್ಲಿ ಕಡುಬಡತನ, ಹುಡುಗ ದುಡಿಯೋಕೆ ಹೋಗ್ಲಿ ಅಂತ ಅಜ್ಜಿ. ಲೂಯಿ ಜೆರ್ಮೇನ್ ಅನ್ನೋ ಪ್ರೈಮರಿ ಮೇಷ್ಟ್ರು ಅಜ್ಜಿನ ಒಪ್ಪಿಸಿ, ದುಡ್ಡು ತಗೊಳ್ದೆ ಪಾಠ ಹೇಳಿ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಿಸಿದ್ರು. 1957ರಲ್ಲಿ ನೊಬೆಲ್ ಬಂದಾಗ ಕಮೂ ಆ ಮೇಷ್ಟ್ರಿಗೆ ಕಾಗದ ಬರೆದ, ಸುದ್ದಿ ಕೇಳಿದಾಗ ಮೊದಲು ನೆನಪಾಗಿದ್ದು ಅಮ್ಮ, ಆಮೇಲೆ ನೀವು ಅಂತ. ಒಬ್ಬರ ನೆನಪು ಇನ್ನೊಬ್ಬರದನ್ನ ತಳ್ಳಿಲ್ಲ ನೋಡಿ. ಇನ್ನೊಂದು, ಮೇಷ್ಟ್ರು ಬದುಕಿದ್ದಾಗಲೇ ಬರೆದ. ಮೇಷ್ಟ್ರು ಆಮೇಲೆ ಅವನಿಗೆ ವಾಪಸ್ ಉದ್ದದ ಕಾಗದ ಬರೆದ್ರು, ನೊಬೆಲ್ ಬಂದವನಿಗೆ ಚಿಕ್ಕ ಹುಡುಗನಿಗೆ ಬರೆದ ಹಾಗೇ.

ಒಂದು ಎಚ್ಚರಿಕೆನೂ ಹೇಳ್ಲೇಬೇಕು. ಮಗನ ಥರ ಅನ್ನೋರೆಲ್ಲ ಅಪ್ಪನ ಥರ ಇರಲ್ಲ. ನನ್ನ ಎರಡನೇ ಕೆಲಸದಲ್ಲಿ ಒಬ್ಬ ಬಾಸ್ ಮಗನೇ ಮಗನೇ ಅಂತ ವೀಕೆಂಡ್ ಎಲ್ಲ ದುಡಿಸ್ಕೊಂಡು, ಬೇರೆ ಆಫರ್ ಬಂತು ಅಂದ ದಿನದಿಂದ ಮಾತೇ ಬಿಟ್ರು, ಅದು ನನಗೆ ತುಂಬಾ ದಿನ ನೋವಾಗಿತ್ತು. ಈಗ ನಾನು ನೋಡೋದು ಒಂದೇ, ಅವರ ಜೊತೆ ಇದ್ದಷ್ಟೂ ನನ್ನ ನಿರ್ಧಾರ ನಾನೇ ಮಾಡೋ ಧೈರ್ಯ ಜಾಸ್ತಿ ಆಗ್ತಿದೆಯಾ, ಇಲ್ಲ ಅವರನ್ನ ಕೇಳದೆ ಏನೂ ಆಗಲ್ಲ ಅನ್ನೋ ಸ್ಥಿತಿ ಬರ್ತಿದೆಯಾ. ಡೇನಿಯಲ್ ಲೆವಿನ್‌ಸನ್ ಅಂತ ಅಮೆರಿಕದ ಮನಃಶಾಸ್ತ್ರಜ್ಞ 1978ರಲ್ಲೇ ಬರೆದಿದ್ರು, ನಮಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ದೊಡ್ಡವರು ಮೆಂಟರ್, ಅಂದ್ರೆ ದಾರಿ ತೋರಿಸೋ ಹಿರಿಯರು, ಆದ್ರೆ ಅದು ಅಪ್ಪ-ಮಗನ ಸಂಬಂಧ ಆಗಿಬಿಡೋ ಅಪಾಯ ಜಾಸ್ತಿ, ಇಂಥ ಸಂಬಂಧ ಸಾಮಾನ್ಯವಾಗಿ ಎರಡು ಮೂರು ವರ್ಷ ಅಷ್ಟೇ, ಎಷ್ಟೋ ಸಲ ಕಹಿಯಾಗೇ ಮುಗಿಯುತ್ತೆ ಅಂತ. ಆ ಬಾಸ್ ವಿಷಯದಲ್ಲಿ ಅದು ಅಕ್ಷರಶಃ ನಿಜ. ಆದ್ರೆ ಪೆನ್ಸಿಲ್ ಹಿಡಿದ ಆ ಹಿರಿಯರು ನನಗಿಂತ 26 ವರ್ಷ ದೊಡ್ಡವರು, ನಾನು ಕೆಲಸ ಬಿಟ್ಟು ಹೋಗ್ತೀನಿ ಅಂದಾಗ ರೆಫರೆನ್ಸ್ ಲೆಟರ್ ಬರೆದಿದ್ದೂ ಅವರೇ, ಈಗಲೂ ಭಾನುವಾರ ಭಾನುವಾರ ಫೋನ್ ಮಾಡ್ತೀನಿ.

ಋಣದ ವಿಷಯ. ಗಿಫ್ಟ್ ಬೇಡ, ಅವರಿಗೆ ಮುಜುಗರ. ಎಲ್ಲದಕ್ಕೂ ಥ್ಯಾಂಕ್ಸ್ ಅಂತ ಒಂದು ಸಾಲಲ್ಲೂ ಮುಗಿಸ್ಬೇಡಿ. ಯಾವ ದಿನ, ಏನು ಮಾಡಿದ್ರು, ಅದರಿಂದ ನಿಮಗೆ ಏನಾಯ್ತು, ಇಷ್ಟನ್ನ ಕೈಯಲ್ಲಿ ಬರೆದು ಕೊಡಿ. ನಾನು ಬರೆದು ಕೊಟ್ಟಿದ್ದು ಒಂಬತ್ತು ವರ್ಷ ಆದ್ಮೇಲೆ, ಅವರು ಓದಿ, ಆ ಅಗ್ರಿಮೆಂಟ್ ನನಗೆ ನೆನಪೇ ಇಲ್ಲ ಅಂದ್ರು. ಅವತ್ತು ಗೊತ್ತಾಯ್ತು, ನಾನು ಹೇಳದೇ ಇದ್ದಿದ್ರೆ ತಾವು ಒಬ್ಬ ಹುಡುಗನಿಗೆ ಏನು ಮಾಡಿದ್ವಿ ಅಂತ ಅವರಿಗೆ ಕೊನೇವರೆಗೂ ತಿಳೀತಾ ಇರ್ಲಿಲ್ಲ.

ನಾನೂ ಈಗ ಅಪ್ಪ ಇಲ್ಲದ ಒಬ್ಬ ಹದಿಮೂರು ವರ್ಷದ ಹುಡುಗನ ಜೊತೆ ಶನಿವಾರ ಕಳೀತೀನಿ. ಇಂಥ ಮಕ್ಕಳಿಗೆ ಜೊತೆಯಾಗೋ ದೊಡ್ಡವರಿಗೆ ಕೊಡೋ ಟ್ರೈನಿಂಗಲ್ಲಿ ಒಂದು ವಿಷಯ ಒತ್ತಿ ಒತ್ತಿ ಹೇಳಿದ್ರು, ಮೂರು ತಿಂಗಳೊಳಗೆ ಬಿಟ್ಟುಹೋದ್ರೆ ಆ ಮಕ್ಕಳಿಗೆ ತಮ್ಮ ಬಗ್ಗೆ ಇರೋ ಗೌರವನೇ ಕಮ್ಮಿ ಆಗುತ್ತೆ, ವರ್ಷ ದಾಟಿದ್ರೇ ನಿಜವಾದ ಲಾಭ, 2002ರ ಒಂದು ಅಧ್ಯಯನದಲ್ಲಿ ಹಾಗೆ ಕಂಡಿದೆ ಅಂತ. ಅದು ಕೇಳಿದ ಮೇಲೆ ಒಂದು ಶನಿವಾರನೂ ತಪ್ಪಿಸಿಲ್ಲ.

ನಿಮ್ಮ ಸೀನಿಯರ್‌ಗೆ ಈ ವಾರವೇ ಬರೆಯಿರಿ. ಶುರು ಹೇಗೆ ಮಾಡೋದು ತಿಳೀದೇ ಇದ್ರೆ ಬರೆದಷ್ಟನ್ನ ನನಗೆ ಕಳಿಸಿ, ಓದಿ ಹೇಳ್ತೀನಿ. ಮತ್ತೆ ನಿಮ್ಮಪ್ಪ ಹೇಗಿದ್ರು ಅಂತ ಅವರಿಗೆ ಹೇಳಿದೀರಾ? ಹೇಳಿಲ್ಲ ಅಂದ್ರೆ ಅಲ್ಲಿಂದಲೇ ಶುರು ಮಾಡಿ.