ಒಂದೂ ಸೋಲದ ಸ್ಯಾಂಡರ್ಸನ್ ಇರುವಾಗ ಒಮ್ಮೆ ಸೋತ ಗೇಬಲ್ ಹೆಸರು ಮುಂದೇಕೆ?

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 159 ಕುಸ್ತಿ ಹಿಡಿದು ಒಂದನ್ನೂ ಸೋಲದ ಕೇಲ್ ಸ್ಯಾಂಡರ್ಸನ್ ಇರುವಾಗ, ಅದೇ ವಿಶ್ವವಿದ್ಯಾಲಯದಲ್ಲಿ 117 ಗೆದ್ದು ಒಂದನ್ನು ಸೋತ ಡ್ಯಾನ್ ಗೇಬಲ್ ಅವರನ್ನೇ ಅಮೆರಿಕನ್ನರು ಮೊದಲು ನೆನೆಯುವುದೇಕೆ ಎಂದು ಕೇಳಿದ್ದೀರಿ. ಕಾಲೇಜಿನ ಲೆಕ್ಕವೊಂದನ್ನೇ ಹಿಡಿದರೆ ಸ್ಯಾಂಡರ್ಸನ್ ಅವರೇ ಮೇಲು. 1999ರಿಂದ 2002ರ ವರೆಗೆ ನಾಲ್ಕೂ ವರ್ಷ ಅವರು ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದರು. ಆದರೆ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಡುವ ಮುನ್ನ, ಗೇಬಲ್ ಅವರ ಕಾಲದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಅವಕಾಶವಿರಲಿಲ್ಲ, ಅವರಿಗೆ ದೊರೆತದ್ದು ಮೂರೇ ಋತುಗಳು ಎಂಬುದನ್ನು ಗಮನಿಸಬೇಕು.

ನನ್ನ ದೃಷ್ಟಿಯಲ್ಲಿ ಉತ್ತರವಿರುವುದು ಆ ಒಂದು ಸೋಲಿನಲ್ಲಿಯೇ. ಹೈಸ್ಕೂಲಿನಲ್ಲಿ 64 ಕುಸ್ತಿಗಳನ್ನೂ ಗೆದ್ದು ಬಂದಿದ್ದ ಗೇಬಲ್, 1970ರಲ್ಲಿ ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ಗೆ ಇಳಿಯುವಾಗ ಅವರನ್ನು ಯಾರಾದರೂ ಸೋಲಿಸಿಯಾರು ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಎದುರಾಳಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್. ಮೇಲಿನ ತೂಕದಲ್ಲಿ ಆಡುತ್ತಿದ್ದ ಅವರು ಗೇಬಲ್ ಅವರನ್ನು ಎದುರಿಸಬೇಕೆಂದೇ ಮೈ ಇಳಿಸಿ 142 ಪೌಂಡ್ ವಿಭಾಗಕ್ಕೆ ಬಂದಿದ್ದರು. ಕೊನೆಯ ಹಂತದಲ್ಲಿ ಓವಿಂಗ್ಸ್ ಗೇಬಲ್ ಅವರನ್ನು ಕೆಡವಿ 13-11ರಿಂದ ಗೆದ್ದರು. ಅಲ್ಲಿಗೆ ಗೇಬಲ್ ಅವರ ಕಾಲೇಜು ಜೀವನವೇ ಮುಗಿಯಿತು. ಕಾಲೇಜಿನ ಅಖಾಡದಲ್ಲಿ ಅದನ್ನು ತೀರಿಸಿಕೊಳ್ಳಲು ಮುಂದಿನ ವರ್ಷವೆಂಬುದು ಉಳಿದಿರಲಿಲ್ಲ.

ಆ ಸೋಲೇ ತಮ್ಮನ್ನು ಇನ್ನೂ ಗಟ್ಟಿಯಾಗಿಸಿತೆಂದು ಗೇಬಲ್ ಹಲವು ಬಾರಿ ಹೇಳಿಕೊಂಡಿದ್ದಾರೆ, ಮತ್ತು ಮುಂದೆ ನಡೆದದ್ದನ್ನು ನೋಡಿದರೆ ಅದನ್ನು ನಂಬಲೇಬೇಕು. 1971ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು. 1972ರ ಒಲಿಂಪಿಕ್ ಆಯ್ಕೆಯಲ್ಲಿ ಮತ್ತೆ ಎದುರಾದ ಓವಿಂಗ್ಸ್ ಅವರನ್ನು ಸೋಲಿಸಿದರು. ಮ್ಯೂನಿಕ್‌ನಲ್ಲಿ 68 ಕಿಲೋ ವಿಭಾಗದ ಆರೂ ಕುಸ್ತಿಗಳಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದರು.

ಇದರ ತೂಕ ತಿಳಿಯಬೇಕಾದರೆ ಒಂದು ವಿಷಯ ಹೇಳಬೇಕು. ನಮ್ಮ ಗರಡಿಯ ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಲೆಕ್ಕ ಸರಳ. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಎದುರಾಳಿಯನ್ನು ಎಷ್ಟು ಹೊತ್ತು ಅಡಿಯಲ್ಲಿ ಹಿಡಿದಿಟ್ಟಿರಿ ಎಂಬುದಕ್ಕೂ ಅಂಕವಿದೆ, ಕೆಳಗಿನಿಂದ ಬಿಡಿಸಿಕೊಂಡು ಎದ್ದವನಿಗೂ ಅಂಕವಿದೆ. ಒಲಿಂಪಿಕ್ಸ್‌ನ ಫ್ರೀಸ್ಟೈಲ್‌ನಲ್ಲಿ ಇವೆರಡೂ ಇಲ್ಲವಾದ್ದರಿಂದ ಕಾಲೇಜಿನ ದೊಡ್ಡ ಪೈಲ್ವಾನರು ಅಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಸ್ಯಾಂಡರ್ಸನ್ ಅವರೂ ಅದನ್ನು ಕಲಿತು 2004ರ ಅಥೆನ್ಸ್‌ನಲ್ಲಿ 84 ಕಿಲೋ ವಿಭಾಗದ ಚಿನ್ನ ತಂದರೆಂಬುದನ್ನು ಮರೆಯಬಾರದು.

ಆಮೇಲೆ ಗೇಬಲ್, ತಾವು ಓದಿದ ಸಂಸ್ಥೆಯ ಎದುರಾಳಿಯಾದ ಅಯೋವಾ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾಗಿ 21 ಋತುಗಳಲ್ಲಿ 15 ರಾಷ್ಟ್ರೀಯ ತಂಡ ಪ್ರಶಸ್ತಿಗಳನ್ನು ಗೆಲ್ಲಿಸಿಕೊಟ್ಟರು. 1978ರಿಂದ 1986ರ ವರೆಗಿನ ಒಂಬತ್ತು ಸಾಲಾಗಿ ಬಂದವು. ಒಂದು ಇಡೀ ತಲೆಮಾರು ಅವರನ್ನು ಗುರುವಾಗಿಯೇ ಕಂಡಿದೆ. ಹೆಸರು ಮುಂದಿರುವುದಕ್ಕೆ ಇದು ಪದಕದಷ್ಟೇ ದೊಡ್ಡ ಕಾರಣ ಎಂದು ನಾನು ಭಾವಿಸುತ್ತೇನೆ. ಪೆನ್ ಸ್ಟೇಟ್‌ನಲ್ಲಿ ಗುರುವಾಗಿರುವ ಸ್ಯಾಂಡರ್ಸನ್ 2011ರಿಂದ 2025ರೊಳಗೆ ಇಂಥ 12 ಪ್ರಶಸ್ತಿಗಳನ್ನು ಗೆಲ್ಲಿಸಿದ್ದಾರೆ. ಆ ಎಣಿಕೆ 15ನ್ನು ದಾಟಿದ ದಿನ ನಿಮ್ಮ ಪ್ರಶ್ನೆಗೆ ನಾನೂ ಬೇರೆ ಉತ್ತರ ಬರೆಯಬೇಕಾದೀತು.